ಮುನ್ನೂರ ಹನ್ನೆರಡು ಕೆಂಪು ಸಾಲು

ಈ ಕಥೆಯಲ್ಲಿ ಒಬ್ಬ ಹಲ್ಲಿನ ಡಾಕ್ಟರು ಬರುತ್ತಾರೆ. ಹಾಗೆಂದು ಇದನ್ನು ದಂತಕಥೆ ಎಂದುಕೊಳ್ಳಬೇಡಿ, ನಡೆದದ್ದನ್ನೇ ಹೇಳುತ್ತಿದ್ದೇನೆ.

ಡಾಕ್ಟರ್ ಅಮರೇಶ ಗದಗಿನ ಕಡೆಯವರು. ಕೆನಡಾದ ಮಿಲ್ಟನ್ನಿನಲ್ಲಿ ಇಪ್ಪತ್ತೆಂಟು ವರ್ಷ ಊರವರ ಬಾಯಿ ತೆರೆಸಿ, ನಿವೃತ್ತರಾದ ಮೇಲೆ ತಮ್ಮ ಬಾಯಿ ತೆರೆದವರು. ಯಾರ ದನಿಯನ್ನಾದರೂ ಒಮ್ಮೆ ಕೇಳಿದರೆ ಸಾಕು, ಎರಡನೇ ಸಲ ಅದು ಇವರ ಗಂಟಲಿನಿಂದಲೇ ಬರುತ್ತಿತ್ತು.

ಆ ಶನಿವಾರ ಯೂನಿಯನ್‌ವಿಲ್‌ನ ಲೈಬ್ರರಿ ಕೋಣೆಯಲ್ಲಿ ಕನ್ನಡ ಬಳಗದ ಸಮಿತಿ ಸೇರಿತ್ತು. ಹೊಸ ಕಾರ್ಯದರ್ಶಿ ಪ್ರಜ್ಞಾ, ಅಲ್ಲೇ ಹತ್ತಿರದ ಕಂಪನಿಯೊಂದರಲ್ಲಿ ಕೆಲಸ ಮಾಡುವ ಉಡುಪಿಯ ತರುಣಿ, ಬಳಗದ ವೆಬ್ ಪುಟದ ವಿಳಾಸವನ್ನು ಪುಕ್ಕಟೆ ತಪಾಸಣೆಯ ಸಾಧನವೊಂದಕ್ಕೆ ಹಾಕಿದಳು. ಪುಟದ ಬೆನ್ನ ಹಿಂದೆ ಬರೆದಿರುವ ಕೋಡಿನಲ್ಲಿ ಎಲ್ಲೆಲ್ಲಿ ತಪ್ಪಿದೆ ಎಂದು ಹುಡುಕಿಕೊಡುವ ಸಾಧನ ಅದು. ಗೋಡೆಯ ಮೇಲೆ ಕೆಂಪು ಸಾಲುಗಳು ಇಳಿದವು. ಇಳಿಯುತ್ತಲೇ ಇದ್ದವು. ಮುನ್ನೂರ ಹನ್ನೆರಡು.

"ಆಂಟಿ, ಬೇಜಾರು ಮಾಡ್ಬೇಡಿ ಆಯ್ತಾ? ಫೋನಲ್ಲಿ ತೆಗೆದ್ರೆ ಅರ್ಧ ಪುಟ ದಪ್ಪಕ್ಷರ, ಇನ್ನರ್ಧ ಒಂದರ ಮೇಲೊಂದು. ಎಂತ ಓದುದು? ರೆಡಿಮೇಡ್ ಸೈಟು ತಗೊಳ್ಳುವ. ಹಳೇದನ್ನೆಲ್ಲ ಅದಕ್ಕೆ ಸಾಗಿಸ್ಲಿಕ್ಕೆ ಯಾರಿಗೂ ಟೈಮಿಲ್ಲ. ಬಿಟ್ಟುಬಿಡುವ."

ಆಂಟಿ ಎಂದರೆ ವಸಂತಾ. ನಾರ್ತ್ ಯಾರ್ಕಿನಲ್ಲಿ ಹೈಸ್ಕೂಲು ಮಕ್ಕಳಿಗೆ ಗಣಿತ ಕಲಿಸಿ ನಿವೃತ್ತರಾದ ಮೈಸೂರಿನವರು. 'ಹಳೇದು' ಎಂದರೆ ಅವರ ಹತ್ತೊಂಬತ್ತು ವರ್ಷ. ಮೊದಮೊದಲು ಇಲ್ಲಿಗೆ ಬಂದ ನೂರ ನಲವತ್ತು ಮನೆಯವರನ್ನು ಫೋನಿನಲ್ಲಿ ಮಾತಾಡಿಸಿ, ಅವರವರು ಬಂದ ಕಥೆ ಕೇಳಿ, ಪುಸ್ತಕ ನೋಡಿಕೊಂಡು ಕಲಿತ ಕೋಡಿನಲ್ಲಿ ಒಂದೇ ಉದ್ದನೆಯ ಪುಟವಾಗಿ ಕಟ್ಟಿದ್ದರು. ಹೇಳಿದವರಲ್ಲಿ ಅರ್ಧದಷ್ಟು ಜನ ಈಗಿಲ್ಲ.

"ಕೆಂಪು ಹೋದ್ರೆ ಉಳಿಸ್ತೀಯಾ, ಪ್ರಜ್ಞಾ?"

"ಒಂದೂ ಇರ್ಬಾರ್ದು, ಆಂಟಿ. ಬರುವ ಶನಿವಾರ ಎಲ್ಲರೆದುರು ನೋಡುವ."

ಹಲ್ಲು ಕೀಳಲೇಬೇಕು ಎಂದಾಗ ರೋಗಿಯ ಮುಖ ಹೇಗಾಗುತ್ತದೋ ವಸಂತಾ ಅವರ ಮುಖ ಹಾಗಾಯಿತು. ಹಿಂದಿನ ಸಾಲಿನಲ್ಲಿ ಕೂತಿದ್ದ ಡಾಕ್ಟರಿಗೆ ಅದನ್ನು ನೋಡಲಾಗಲಿಲ್ಲ. ಒಮ್ಮೆ ನಗಿಸಿಬಿಡೋಣ ಎಂದು ಸೋಮವಾರ ಸಂಜೆ ಐದಕ್ಕೆ, ನಂಬರು ಕಾಣದಂತೆ ಮಾಡಿ, ಮೂಗಿನಲ್ಲೇ ಹುಟ್ಟಿ ಮೂಗಿನಲ್ಲೇ ಮುಗಿಯುವ ಇಂಗ್ಲಿಷಿನಲ್ಲಿ ಫೋನು ಮಾಡಿದರು. ತಾನು ತಪಾಸಣೆ ಕಚೇರಿಯ ಮಿಸ್ಟರ್ ಪೆಂಬರ್ಟನ್. ನಿಮ್ಮ ಪುಟ ಓದಿದ ಮೇಲೆ ನಮ್ಮಲ್ಲಿ ಮೂವರು ರಜೆ ಹಾಕಿದ್ದಾರೆ, ಮೇಡಂ.

'ಸಾಕು ಮಾಡಿ ಅಮರೇಶ್' ಎಂದು ಬೈಗುಳ ಬರುತ್ತದೆಂದು ಕಾದರು. ಬಂದದ್ದು ಸಣ್ಣ ದನಿ. "ಸರ್, ನಾನೇನು ಮಾಡಬೇಕು?"

ಅಲ್ಲೇ ನಕ್ಕುಬಿಡಬೇಕಿತ್ತು. ಬದಲಿಗೆ, ಹೆದರಿದ ರೋಗಿಗಳಿಗೆ ಹೇಳಿ ಹೇಳಿ ರೂಢಿಯಾದ ಮಾತು ಬಾಯಿಗೆ ಬಂತು: ಮೊದಲನೆಯದನ್ನು ಮಾತ್ರ ಸರಿಮಾಡಿ, ಉಳಿದದ್ದಕ್ಕೆ ಕೈ ಹಚ್ಚಬೇಡಿ. ನಾಳೆ ಐದಕ್ಕೆ ಮಾತಾಡೋಣ.

ಮರುದಿನ ತಪ್ಪೊಪ್ಪಿಕೊಳ್ಳಲೆಂದೇ ಫೋನೆತ್ತಿದರು. ಬಾಯಿ ತೆರೆಯಲೂ ವಸಂತಾ ಬಿಡಲಿಲ್ಲ. ನಲವತ್ತಾರನೇ ಸಾಲಿನಲ್ಲಿ ದಪ್ಪಕ್ಷರ ಶುರುವಾಗಲಿ ಎಂದು ಬರೆದು, ಮುಗಿಯಲಿ ಎಂದು ಬರೆಯುವುದನ್ನು ಮರೆತಿದ್ದರಂತೆ; ಕೆಳಗಿನ ಸಾಲುಗಳೆಲ್ಲ ಅದರಿಂದಲೇ ತಪ್ಪಾಗಿ ಕಂಡಿದ್ದವಂತೆ. ಮುಗಿಸುವ ಗುರುತೊಂದನ್ನು ಹಾಕಿ ಮತ್ತೆ ತಪಾಸಣೆಗೆ ಕೊಟ್ಟರೆ, ಮುನ್ನೂರ ಹನ್ನೆರಡು ಹೋಗಿ ಐವತ್ತೆಂಟು!

ಡಾಕ್ಟರು ನಂಬಲಿಲ್ಲ. ಫೋನಿಟ್ಟು ತಾವೇ ಆ ಸಾಧನ ತೆರೆದರು. ಅದು ಹೆಸರು ಕೇಳಲಿಲ್ಲ, ಹೆಲ್ತ್ ಕಾರ್ಡು ಕೇಳಲಿಲ್ಲ, ವೇಟಿಂಗ್ ರೂಮಿನಲ್ಲಿ ಕೂರಿಸಲಿಲ್ಲ. ಕಣ್ಣು ಮಿಟುಕಿಸುವಷ್ಟರಲ್ಲಿ ಪುಟವನ್ನೆಲ್ಲ ಓದಿ, ಸಾಲು ಇನ್ನೂರ ಮೂರು, ಇಲ್ಲಿ ತೆರೆದದ್ದು ಮುಚ್ಚಿಲ್ಲ ಎಂದಿತು. ಬೈಯಲಿಲ್ಲ. ಜಗತ್ತಿನಲ್ಲಿ ಯಾರೋ ಕೂತು ಇದನ್ನು ಕಟ್ಟಿ, ಬಾಗಿಲು ತೆರೆದಿಟ್ಟು ಹೋಗಿದ್ದರು.

ಇನ್ನೂರ ಮೂರನೇ ಸಾಲು ಮಡಿವಾಳಪ್ಪನವರ ಕಥೆಯದು. ಡಾಕ್ಟರ ಹಳೆಯ ಗೆಳೆಯ. ತೀರಿಕೊಂಡು ಆರು ವರ್ಷ. ಮೊದಲ ಹಿಮ ಬಿದ್ದಾಗ ಹೆಂಡತಿಗೆ ತೋರಿಸಲು ಸ್ಟೀಲಿನ ತಂಬಿಗೆಯಲ್ಲಿ ತುಂಬಿಕೊಂಡು ನಾಲ್ಕು ಮಹಡಿ ಹತ್ತಿದರೆ ತಂಬಿಗೆಯಲ್ಲಿ ಬರೀ ನೀರು. ಮತ್ತೆ ಇಳಿದರಂತೆ, ಮತ್ತೆ ಹತ್ತಿದರಂತೆ, ಮೂರು ಸಲ. ಡಾಕ್ಟರು ಅದನ್ನು ಗೆಳೆಯನ ದನಿಯಲ್ಲೇ ಮೆಲ್ಲಗೆ ಓದಿಕೊಂಡರು. ಕನ್ನಡದ ಒಂದಕ್ಷರ ಬಾರದ ಯಂತ್ರ ಈ ನೂರ ನಲವತ್ತು ಮನೆಗಳನ್ನು ಹೊಕ್ಕು ಹೊರಬಂದು, ಯಾವ ಮನೆಯ ಬಾಗಿಲು ಹಾಕಿಲ್ಲ ಎಂಬುದನ್ನಷ್ಟೇ ಹೇಳುತ್ತಿತ್ತು. ಹೇಳಿದರೂ, ಎದ್ದು ಹೋಗಿ ಹಾಕಬೇಕಾದವರು ಎಪ್ಪತ್ತೊಂದರ ವಸಂತಾ. ಜೀವನವಿಡೀ ಅಣಕವಾಡಿದ ಮನುಷ್ಯನಿಗೆ ಅಣಕಿಸಲಾಗದ್ದೊಂದು ಎದುರಿಗಿತ್ತು.

ಈಗ ಪೆಂಬರ್ಟನ್ ಮಾಯವಾದರೆ ಆಕೆಯ ಕೈ ನಿಂತುಹೋದೀತೆಂಬ ಭಯ ಹತ್ತಿತು. ದಿನಾ ಐದಕ್ಕೆ ಮೂಗು ಹಿಡಿದರು. ಮೂವತ್ತೊಂದು. ಒಂಬತ್ತು. ಶುಕ್ರವಾರ ಎರಡು. ಇನ್ನೇನು ಹೇಳಬೇಕೆಂದು ಪೆಂಬರ್ಟನ್ನಿಗೆ ತೋಚದೆ, "ಮೊದಲನೆಯದು, ಮೇಡಂ" ಎಂದಷ್ಟೇ ಹೇಳಿದ.

ಶನಿವಾರ ಪ್ರಜ್ಞಾ ವಿಳಾಸ ಹಾಕಿದಳು. ಗೋಡೆಯ ಮೇಲೆ ಹಸಿರು ಪಟ್ಟಿಯೊಂದು ಮೂಡಿತು: ತೋರಿಸಲು ಯಾವ ತಪ್ಪೂ ಇಲ್ಲ.

"ಇದುಂಟಲ್ಲ ಆಂಟಿ, ಹೀಗಾಗ್ತದೆ ಅಂತ ನಾನು ಎಣಿಸ್ಲೇ ಇಲ್ಲ" ಎಂದಳು ಪ್ರಜ್ಞಾ. ಫೋನಿನಲ್ಲಿ ಪುಟ ತೆರೆದು, ಮೇಲಿಂದ ಕೆಳಗೆ ಬೆರಳಾಡಿಸುತ್ತಲೇ ಉಳಿದಳು. "ರೆಡಿಮೇಡ್ ಬೇಡ. ಇದೇ ಇರ್ಲಿ."

ವಸಂತಾ ಎದ್ದು ನಿಂತರು. "ನಂದೇನಿಲ್ಲ. ಆ ಕಚೇರಿಯ ಪೆಂಬರ್ಟನ್ ಅನ್ನೋ ಪುಣ್ಯಾತ್ಮರು ದಿನಾ ಫೋನ್ ಮಾಡಿ..."

"ಅಂಥಾ ಕಚೇರಿ ಎಲ್ಲುಂಟು ಆಂಟಿ? ಇದು ಬರೀ ಪ್ರೋಗ್ರಾಮು" ಎಂದಳು ಪ್ರಜ್ಞಾ.

ಈ ಹೆಣ್ಣುಮಗಳ ಸಂತೋಷವನ್ನು ತಾನೇ ಕೆಡಿಸಿದೆನೆಂದು ಡಾಕ್ಟರು ಕುರ್ಚಿಯಲ್ಲಿ ಕುಗ್ಗಿದರು. ಆದರೂ ಹಿಂದಿನ ಸಾಲಿನಿಂದ ಮೂಗಿನ ದನಿ ಹೊರಟೇಬಿಟ್ಟಿತು: "ಮೊದಲನೆಯದು ಮಾತ್ರ, ಮೇಡಂ." ಆಮೇಲೆ ಸ್ವಂತ ದನಿಯಲ್ಲಿ, "ತಪ್ಪಾತ್ರೀ ವಸಂತಾ ಅವ್ರ. ನಗಸಾಕಂತ ಮಾಡಿದ್ದೆ. ಬಿಡಾಕ ಆಗ್ಲಿಲ್ಲ ನೋಡ್ರಿ."

ವಸಂತಾ ಕನ್ನಡಕ ತೆಗೆದರು, ಒರೆಸಿದರು, ಹಾಕಿಕೊಂಡು ಡಾಕ್ಟರನ್ನು ನೋಡಿದರು.

"ಅಯ್ಯೋ ನಿಮ್ಮ! ಐದು ದಿನ ಫೋನ್ ಬಂದಾಗೆಲ್ಲ ಎದ್ದು ನಿಂತ್ಕೊಂಡು 'ಸರ್, ಸರ್' ಅಂದ್ನಲ್ರೀ, ಒಬ್ಬ ಹಲ್ಲಿನ ಡಾಕ್ಟ್ರಿಗೆ!"

ಮೊದಲು ಅವರ ಭುಜ ಕುಣಿಯಿತು. ಆಮೇಲೆ ನಗು ಹೊರಟಿತು. ಪ್ರಜ್ಞಾ ನಕ್ಕಳು, ಸಮಿತಿಯೆಲ್ಲ ನಕ್ಕಿತು. ಗದ್ದಲಕ್ಕೆ ಲೈಬ್ರರಿಯವರು ಬಾಗಿಲು ತೆರೆದು ಇಣುಕಿದಾಗ ಎಲ್ಲರೂ ತಟಕ್ಕನೆ ಬಾಯಿ ಮುಚ್ಚಿದರು. ಮೇಜು ಹಿಡಿದುಕೊಂಡು, ಕಣ್ಣಲ್ಲಿ ನೀರು ಸುರಿಸುತ್ತಾ ನಗುತ್ತಿದ್ದ ವಸಂತಾ ಅವರೊಬ್ಬರನ್ನು ಬಿಟ್ಟು.