ರಟ್ಟಿನ ಗುಡ್ಡ

ನಾನು ಒಂದು ಗುಡ್ಡ. ನಗಬೇಡಿ, ರಟ್ಟಿನ ಗುಡ್ಡ. ಇಬ್ಬರು ಹಿಡಿದು ಎತ್ತುವಷ್ಟು ಅಗಲ, ಮೊಣಕೈಯಷ್ಟು ಎತ್ತರ.

ವಿಜಯಪುರದ ಒಂದು ಮಹಡಿ ಕೋಣೆಯಲ್ಲಿ ಇಂದುಮತಿ ಹಲಸಂಗಿ ಎಂಬ ಹೆಣ್ಣುಮಗಳು ನನ್ನನ್ನು ಮಾಡಿದಳು. ಕಟ್ಟಡಗಳ ನಕ್ಷೆ ತಯಾರಿಸುವುದು ಅವಳ ಕೆಲಸ. ಊರಾಚೆಯ ದ್ರಾಕ್ಷಿ ಪಡದ, ಅಂದರೆ ದ್ರಾಕ್ಷಿ ತೋಟದ, ಹಿಂದೆ ನಿಜವಾದ ಗುಡ್ಡವೊಂದಿತ್ತು. ಅದರ ಏರಿಳಿತ ನೋಡಿಕೊಂಡು ರಟ್ಟು ಕತ್ತರಿಸಿ, ರೊಟ್ಟಿ ಪೇರಿಸಿದ ಹಾಗೆ ಒಂದರ ಮೇಲೊಂದು ಅಂಟಿಸಿದಳು. ಆಮೇಲೆ ನನ್ನ ಬಗಲಲ್ಲಿ ಪುಟ್ಟ ಕಟ್ಟಡವೊಂದನ್ನು ಕೂರಿಸಿದಳು. ಅದು ದ್ರಾಕ್ಷಿಯಿಂದ ವೈನ್ ಮಾಡುವ ವೈನರಿ. ಅರ್ಧ ಮಣ್ಣೊಳಗೆ, ಅರ್ಧ ಹೊರಗೆ, ಚಾವಣಿಯ ಮೇಲೆ ಹುಲ್ಲು. ಕೋಳಿಯ ರೆಕ್ಕೆಯ ಕೆಳಗೆ ಮರಿ ಕೂತ ಹಾಗಿತ್ತು. ನಮ್ಮ ಕಡೆಯ ಬಿಸಿಲು ನಿಮಗೆ ಗೊತ್ತಲ್ಲ. ಗುಡ್ಡದ ತಂಪಿನಲ್ಲಿ ವೈನ್ ನೆಮ್ಮದಿಯಾಗಿ ಮಲಗಲಿ ಎಂಬುದು ಅವಳ ಎಣಿಕೆ.

ಅಲ್ಲಿಯವರೆಗೆ ಅವಳಿಗೆ ಸಿಕ್ಕಿದ್ದೆಲ್ಲ ಕಂಪೌಂಡು ಗೋಡೆ, ಕಲ್ಯಾಣ ಮಂಟಪದ ಶೌಚಾಲಯ, ಇಂಥವೇ. ಇದು ಅವಳದೇ ಎನ್ನುವಂಥ ಮೊದಲ ಕಟ್ಟಡ. ಅದು ನನ್ನಲ್ಲಿದ್ದ ಹಾಗೆಯೇ ನೆಲದ ಮೇಲೂ ಏಳಬೇಕೆಂಬ ಆಸೆಯಲ್ಲಿ ಅವಳು ಬೆರಳು ಕೊಯ್ದುಕೊಂಡದ್ದನ್ನೂ ಮರೆಯುತ್ತಿದ್ದಳು.

ಪಡದ ಒಡೆಯ ಚನಮಲ್ಲಪ್ಪ ಝಳಕಿ. ಅವರ ಪಡಸಾಲೆಯಲ್ಲಿ ನನ್ನನ್ನಿಟ್ಟಾಗ ಅವರ ತಾಯಿ ತಂಗೆವ್ವ ಮೊದಲು ಬಂದು ನನ್ನ ನೆತ್ತಿಗೆ ಅರಿಶಿನ ಕುಂಕುಮ ಹಚ್ಚಿದಳು. "ಯವ್ವಾ, ನಮ್ಮ ಗುಡ್ಡಾನ ಎತ್ಕೊಂಡ ಬಂದಿಯಲ್ಲ ತಂಗಿ!" ಎಂದಳು.

ಚನಮಲ್ಲಪ್ಪ ಮಾತ್ರ ಬಗ್ಗಿ ಬಗ್ಗಿ ಹುಡುಕಿದರು. "ಗುಡ್ಡ ಕಾಣತೈತಿ ಮೇಡಮ್ಮಾರ. ಬಿಲ್ಡಿಂಗ್ ಎಲ್ಲೈತ್ರಿ?"

"ಇಲ್ಲೇ ಐತಲ್ರಿ ಸಾಹುಕಾರ್ರ, ಗುಡ್ಡದ ಬಗಲಾಗ."

"ಇದಾ? ಇದು ಹಗೇವು ಇದ್ದಂಗೈತಿ. ಒಳಗ ಜ್ವಾಳ ತುಂಬೂದೇನ್ರಿ?"

"ವೈನಿಗೆ ತಂಪು ಬೇಕ್ರಿ."

"ತಂಪಿಗೆ ಮಷೀನ್ ಹಚ್ಚೂಣು. ಹಾದಿ ಮ್ಯಾಲ ಹೋಗಾವ್ರು ಹೊಳ್ಳಿ ನೋಡಬೇಕಲ್ರಿ! ವಿಜಾಪುರದಾಗ ಕಟ್ಟೂದು, ಗುಮ್ಮಟ ಇಲ್ದ ಹೆಂಗ?"

ಹೀಗೆಂದವರೇ ಕೈಯಲ್ಲಿದ್ದ ಸ್ಟೀಲ್ ಬಟ್ಟಲಿನ ಚುರುಮುರಿಯನ್ನು ಬಾಯಿಗೆ ಸುರಿದುಕೊಂಡು, ಬಟ್ಟಲನ್ನು ನನ್ನ ಹುಲ್ಲಿನ ಚಾವಣಿಯ ಮೇಲೆ ಬೋರಲು ಹಾಕಿದರು. "ಹಾಂ! ಈಗ ನೋಡ್ರಿ."

"ತೊಳದರ ಇಡೋ ಮಾರಾಯಾ, ಇರಿವಿ ಹತ್ತತಾವ," ಎಂದಳು ತಂಗೆವ್ವ. ಮನೆಮಂದಿಯೆಲ್ಲ ನಕ್ಕರು. ಇಂದುಮತಿಯೂ ನಕ್ಕಳು. ತಮಾಷೆ ಇರಬೇಕೆಂದು ನಾನೂ ಅಂದುಕೊಂಡೆ.

ತಮಾಷೆಯಾಗಿರಲಿಲ್ಲ. ಅವಳು ಎಷ್ಟೋ ಸಲ ಬಂದು ತಿಳಿಸಿ ಹೇಳಿದಳು. ಕೋಣನ ಮುಂದೆ ಕಿನ್ನರಿ ಬಾರಿಸಿದಂತಾಯಿತು. ಕಡೆಗೆ ಗುಮ್ಮಟಕ್ಕೆ ಒಪ್ಪಿಕೊಂಡಳು, ಆದರೆ ಗುಡ್ಡ ಕಡಿಯಕೂಡದೆಂದಳು. "ಗುಡ್ಡ ಮುಟ್ಟೂದಿಲ್ಲರಿ, ನಮ್ಮವ್ವನ ಆಣಿ," ಎಂದರು ಚನಮಲ್ಲಪ್ಪ.

ನನ್ನನ್ನು ಮತ್ತೆ ಮಹಡಿಗೆ ಒಯ್ದಳು. ತಾನೇ ಹಾಕಿದ ಹುಲ್ಲನ್ನು ಬ್ಲೇಡಿನಿಂದ ಕೆರೆದು ತೆಗೆದು, ಪ್ಲಾಸ್ಟರಿನ ಗುಮ್ಮಟ ಅಂಟಿಸಿದಳು. "ನಾ ಬಿಟ್ರ ಬ್ಯಾರೇದವ್ರು ಬರ್ತಾರ. ಅವ್ರು ಗುಡ್ಡಾನೂ ಉಳಸೂದಿಲ್ಲ," ಎಂದು ಗೊಣಗಿಕೊಂಡಳು. ಬೇಡವೆನ್ನಲು ನನಗೆ ಬಾಯಿ ಎಲ್ಲಿದೆ?

ಭೂಮಿಪೂಜೆಗೆ ನನ್ನನ್ನು ಪಡದ ತಗಡಿನ ಶೆಡ್ಡಿಗೆ ತಂದು ಕಿಟಕಿಯ ಬಳಿ ಇಟ್ಟರು. ಇಳಿಜಾರಿನಲ್ಲಿ ಗುಮ್ಮಟ ನಿಲ್ಲುವುದಿಲ್ಲ, ಸಪಾಟು ಜಾಗ ಬೇಕು ಎಂದ ಗುತ್ತಿಗೆದಾರ. ಜೆಸಿಬಿ ಬಂತು.

"ಸಾಹುಕಾರ್ರ, ಆಣಿ ಮಾಡಿದ್ರಿ," ಎಂದಳು ಇಂದುಮತಿ.

"ಮಾಡಿದ್ದು ಖರೇರಿ. ಗುಡ್ಡ ಎಲ್ಲಿ ತಗೀತೀವಿ? ಬರೇ ತಲಿ ಬೋಳಸ್ತೀವಿ, ಅಷ್ಟ."

ತಲೆಯಾಯಿತು, ಹೆಗಲಾಯಿತು, ನಡುವೂ ಆಯಿತು. ಲಾರಿಗಳು ಗರಸು ಮಣ್ಣು ಹೇರಿಕೊಂಡು ಹೋದವು. ಎಲ್ಲಿ ಕೈ ಹಚ್ಚಬಾರದು ಎಂಬುದು ನನ್ನ ಮೈಮೇಲೆ ಪದರ ಪದರವಾಗಿ ಕಾಣುತ್ತಿತ್ತು. ಯಾರೂ ಕಿಟಕಿಯ ಕಡೆ ತಿರುಗಲಿಲ್ಲ. ಇಂದುಮತಿ ಸಂಜೆಯವರೆಗೂ ಧೂಳಿನಲ್ಲಿ ನಿಂತಿದ್ದಳು. ನಕ್ಷೆಗಳನ್ನು ಸುತ್ತಿಕೊಂಡು ಹೊರಡುವಾಗ, "ಉದ್ಘಾಟನಾ ಕಲ್ಲಿನ ಮ್ಯಾಲ ನನ್ನ ಹೆಸರು ಕೆತ್ತಿಸಬ್ಯಾಡ್ರಿ," ಎಂದಷ್ಟೇ ಹೇಳಿದಳು. ನನ್ನನ್ನು ಒಯ್ಯಲಿಲ್ಲ. ಆಮೇಲೆ ಅವಳನ್ನು ನಾನು ಕಂಡಿಲ್ಲ.

ಈಗ ಅಲ್ಲಿ ದೊಡ್ಡ ಗುಮ್ಮಟವಿದೆ. ಬಿಸಿಲಿಗೆ ಕಾದು ಹೆಂಚಾಗುತ್ತದೆ. ತಂಪಿನ ಯಂತ್ರಗಳು ಹಗಲಿರುಳು ಗುಂಯ್‌ಗುಡುತ್ತವೆ. ನನ್ನ ಜಾಗ ಆ ಕಟ್ಟಡದ ಮೆಟ್ಟಿಲ ಕೆಳಗಿನ ಉಗ್ರಾಣ, ಒಡೆದ ಕ್ರೇಟುಗಳ ನಡುವೆ. ನನ್ನ ಗುಮ್ಮಟದ ಅಂಟು ಬಿಟ್ಟಿದೆ. ಕೆಳಗಿನ ಪದರಕ್ಕೆ ಗೆದ್ದಲು ಹಿಡಿದಿದೆ.

ಮೊನ್ನೆ ತಂಗೆವ್ವ ಬುಟ್ಟಿ ಹುಡುಕುತ್ತ ಒಳಗೆ ಬಂದಳು. ನನ್ನನ್ನು ಕಂಡು ಬುಟ್ಟಿ ಮರೆತು ಕುಕ್ಕರುಗಾಲಲ್ಲಿ ಕೂತಳು. ಗುಮ್ಮಟ ಎತ್ತಿ ಪಕ್ಕಕ್ಕಿಟ್ಟು, ತೋರುಬೆರಳಿನಿಂದ ಒಂದೊಂದೇ ಪದರ ಏರತೊಡಗಿದಳು. "ಇಲ್ಲಿ ಸೀತಾಫಲದ ಗಿಡ... ಇಲ್ಲಿ ನಾ ಕುಂತು ಬುತ್ತಿ ಉಣ್ಣಾಕಿ..."

ಬಾಗಿಲಲ್ಲಿ ಚನಮಲ್ಲಪ್ಪ ಬಂದು ನಿಂತರು. "ಅವ್ವಾ, ಏನ್ ಮಾಡಾಕತ್ತಿ ಈ ಧೂಳಾಗ?"

"ಗುಡ್ಡ ಹತ್ತಾಕತ್ತೀನಪ್ಪಾ."

ಅವರು ಒಳಗೂ ಬರಲಿಲ್ಲ, ಹೋಗಲೂ ಇಲ್ಲ.

ಮುದುಕಿಯ ಬೆರಳು ನೆತ್ತಿಗೆ ಬರುವಷ್ಟರಲ್ಲಿ ಕೆಳಗೆಲ್ಲೋ ಗೆದ್ದಲು ತಿಂದ ರಟ್ಟು ಮೆಲ್ಲಗೆ ಕುಸಿಯಿತು. ನಿಲ್ಲೋಣವೆಂದು ಎಷ್ಟೋ ಪ್ರಯತ್ನಪಟ್ಟೆ. ರಟ್ಟಿನ ಕೈಲಿ ಏನಾಗುತ್ತದೆ ಹೇಳಿ? ಅವಳು ಬೆರಳನ್ನು ಹಿಂದಕ್ಕೆಳೆದುಕೊಂಡು, ನನ್ನನ್ನು ಎರಡೂ ಕೈಗಳಿಂದ ಬೀಳದಂತೆ ಹಿಡಿದುಕೊಂಡು ಹಾಗೆಯೇ ಕೂತಳು.