ಮನುಷ್ಯರ ಜೊತೆ ಮಾತಾಡಬೇಕು

ನೀರು ಸರಬರಾಜು ಕಚೇರಿಯಲ್ಲಿ ದೂರು ಕೇಳುವ ಫೋನಿನ ಮುಂದೆ ಅಕ್ಕ ವರ್ಷಗಟ್ಟಲೆ ಕೂತಿದ್ದಳು. ಚಾಟ್‌ಬಾಟ್ ತರುತ್ತೇವೆಂದು ಮ್ಯಾನೇಜರ್ ಅವಳನ್ನು ಮನೆಗೆ ಕಳಿಸಿದ. "ಇನ್ನು ಮನುಷ್ಯರ ದನಿ ಯಾರಿಗಮ್ಮಾ ಬೇಕು?" ಎಂದು ಎಲ್ಲರೆದುರು ನಕ್ಕ. ಅಕ್ಕ ಮನೆಯಲ್ಲಿ ಹೇಳಿದ ಆ ನಗು ತಂಗಿಯ ಎದೆಯಲ್ಲಿ ಮುಳ್ಳಿನಂತೆ ಮುರಿದು ಕೂತಿತು.

ಚಾಟ್‌ಬಾಟಿನ ಆಜ್ಞೆಗಳನ್ನು ಊರಿನ ಇನ್ನೆರಡು ಭಾಷೆಗಳಿಗೆ ಅನುವಾದಿಸುವ ಕೆಲಸ, ಅನುವಾದಕಿಯಾಗಿದ್ದ ಈ ತಂಗಿಗೇ ಬಂತು. ಅವಳು ಯಾರ ತಂಗಿಯೆಂದು ಮ್ಯಾನೇಜರಿಗೆ ಗೊತ್ತಿರಲಿಲ್ಲ. 'ಬಿಲ್ ತೋರಿಸು', 'ದೂರು ಬರೆದುಕೋ' ಸಲೀಸಾಗಿ ಮುಗಿದವು. 'ಮನುಷ್ಯರ ಜೊತೆ ಮಾತಾಡಬೇಕು' ಎಂಬ ಆಜ್ಞೆಯ ಎದುರು ಫೋನ್ ನಂಬರಿನ ಜಾಗ ಖಾಲಿಯಿತ್ತು.

"ಸರ್, ಇಲ್ಲಿ ಯಾರ ನಂಬರು?"

"ಯಾವ್ದಾದ್ರೂ ಹಾಕಮ್ಮಾ, ತಲೆ ತಿನ್ಬೇಡ."

ಅವಳು ಅವನ ಮೊಬೈಲ್ ನಂಬರನ್ನೇ ಹಾಕಿದಳು. ತನಗೆ ಓದಲು ಬಾರದ ಆ ಪುಟಗಳಿಗೆ ಅವನು ಕಣ್ಣು ಮುಚ್ಚಿಕೊಂಡು ಒಪ್ಪಿಗೆ ಕೊಟ್ಟ.

ಚಾಟ್‌ಬಾಟ್ ಶುರುವಾದ ವಾರದಲ್ಲೇ ದೊಡ್ಡ ಪೈಪೊಂದು ಒಡೆದು ಅರ್ಧ ಊರಿನ ನಲ್ಲಿಗಳು ಒಣಗಿದವು. ಮ್ಯಾನೇಜರಿನ ಮೊಬೈಲ್ ಬಾಯಿ ಮುಚ್ಚಲಿಲ್ಲ. ಬೆವರು ಒರೆಸಿಕೊಳ್ಳುತ್ತ ಅವನು ಅವಳ ಮೇಜಿಗೆ ಓಡಿ ಬಂದ.

"ನನ್ನ ನಂಬರು ಹಾಕಿದ್ಯಾರು?"

"ಯಾವ್ದಾದ್ರೂ ಹಾಕು ಅಂದಿದ್ರಲ್ಲ ಸರ್."

"ಇವ್ರೆಲ್ಲ ಯಾವ್ಯಾವ ಭಾಷೇಲಿ ಏನಂತಿದಾರೆ? ನೀನೇ ಸಮಾಧಾನ ಹೇಳಮ್ಮಾ!"

"ನಂದು ಬರೀ ಅನುವಾದ ಸರ್. ಎಲ್ಲರ ಭಾಷೇಲೂ ಸಮಾಧಾನ ಹೇಳೋರು ಇಲ್ಲಿ ಒಬ್ರೇ ಇದ್ರು, ನಮ್ಮಕ್ಕ. ನೀವೇ ಮನೆಗೆ ಕಳಿಸಿದ್ರಿ."

ಅವನ ಮುಖ ಬಿಳಿಚಿಕೊಂಡಿತು. ಮೊಬೈಲ್ ಮತ್ತೆ ಬಡಿದುಕೊಂಡಿತು. ಅವಳು ಅದನ್ನು ಅವನ ಕೈಯಿಂದ ಮೆಲ್ಲಗೆ ತೆಗೆದುಕೊಂಡು, ಕರೆ ಸ್ವೀಕರಿಸಿ, ಅವನ ಕಿವಿಗೇ ಒತ್ತಿ ಹಿಡಿದಳು.

"ಮಾತಾಡಿ ಸರ್. ಅವರಿಗೆ ಮನುಷ್ಯರು ಬೇಕಂತೆ."