ಹನ್ನೆರಡು ಗಂಟೆಯ ಟಿಕ್ಕು

ಮೂಳೆ ವಾರ್ಡಿನಲ್ಲಿ ಮೂವತ್ತಾರು ಮಂಚ, ಇಬ್ಬರು ಸಿಸ್ಟರ್‌ಗಳು. ಈ ಲೆಕ್ಕವನ್ನು ಯಾವ ಮೇಷ್ಟ್ರ ಮುಂದಿಟ್ಟರೂ "ಪ್ರಶ್ನೆಯೇ ತಪ್ಪಾಗಿದೆ" ಎಂದು ವಾಪಸ್ ಕೊಡುತ್ತಿದ್ದರು. ಆದರೆ ಆಸ್ಪತ್ರೆಯಲ್ಲಿ ಇದಕ್ಕೆ ಪ್ರಶ್ನೆ ಎನ್ನುವುದಿಲ್ಲ, ಡ್ಯೂಟಿ ಪಟ್ಟಿ ಎನ್ನುತ್ತಾರೆ. ಅದನ್ನು ಗೋಡೆಗೆ ಅಂಟಿಸುತ್ತಾರೆ. ಗೋಡೆಗೆ ಅಂಟಿಸಿದ್ದಕ್ಕೆ ಎದುರು ಮಾತಾಡುವವರು ಯಾರು?

ಇಬ್ಬರಲ್ಲಿ ಹಿರಿಯಳಿಗೆ ರೋಗಿಗಳು ಇಟ್ಟ ಹೆಸರು ಬೆಣ್ಣೆಗೈ ಸಿಸ್ಟರ್. ಅವಳು ಸೂಜಿ ಚುಚ್ಚಿದರೆ "ಆಯ್ತಾ? ಯಾವಾಗ?" ಎಂದು ಕೇಳುತ್ತಿದ್ದರು. ಇಪ್ಪತ್ತೊಂದು ವರ್ಷದ ಕೈ ಅದು. ಕೈ ಬೆಣ್ಣೆಯಾದರೂ ಸೊಂಟ ಮಾತ್ರ ತುಕ್ಕು ಹಿಡಿದ ಬಾಗಿಲು. ಬಗ್ಗಿದರೆ ಒಂದು ಸದ್ದು, ಎದ್ದರೆ ಇನ್ನೊಂದು. ಮುಂದಿನ ತಿಂಗಳು ನರ್ಸಿಂಗ್ ಶಾಲೆಯಲ್ಲಿ ಪಾಠ ಹೇಳುವ ಜಾಗ ಖಾಲಿಯಾಗುವುದಿತ್ತು. ಕುರ್ಚಿ ಇರುವ ಕೆಲಸ! ಆ ಕುರ್ಚಿಯನ್ನು ನೆನೆಸಿಕೊಂಡೇ ಅವಳು ಎಷ್ಟೋ ಮಧ್ಯಾಹ್ನಗಳನ್ನು ದಾಟಿಸಿದ್ದಳು.

ವಾರ್ಡಿನಲ್ಲಿ ತಾವಾಗಿ ಮಗ್ಗುಲು ಬದಲಿಸಲಾಗದವರು ಒಂಬತ್ತು ಮಂದಿ. ಅವರನ್ನು ಎರಡು ಗಂಟೆಗೊಮ್ಮೆ ಎಡಕ್ಕೋ ಬಲಕ್ಕೋ ತಿರುಗಿಸಬೇಕು. ಇಲ್ಲದಿದ್ದರೆ ಒಂದೇ ಕಡೆ ಭಾರ ಬಿದ್ದು ಚರ್ಮ ಸಾಯುತ್ತದೆ, ಬೆಡ್ ಸೋರ್ ಆಗುತ್ತದೆ. ತಿರುಗಿಸಿದ ಮೇಲೆ ಮಂಚದ ಕಾಲಬದಿಗೆ ತೂಗುಹಾಕಿದ ಚಾರ್ಟಿನಲ್ಲಿ ಆ ಗಂಟೆಯ ಎದುರು ಟಿಕ್ ಹಾಕಿ ಸಹಿ ಮಾಡಬೇಕು. ನಿಯಮ ಇಷ್ಟೇ. ಆದರೆ ನಿಯಮದ ಬೆನ್ನ ಮೇಲೆ ರೂಢಿಯೊಂದು ಹತ್ತಿ ಕೂತಿತ್ತು. ಬೆಳಗ್ಗೆ ಎಂಟೂವರೆಗೆ, ಪೆನ್ನು ಕೈಯಲ್ಲಿರುವಾಗಲೇ, ಇಡೀ ಶಿಫ್ಟಿನ ಟಿಕ್ಕುಗಳನ್ನು ಒಂದೇ ಉಸಿರಿಗೆ ಹಾಕಿ ಮುಗಿಸಿಬಿಡುವುದು. ಎಂಟು, ಹತ್ತು, ಹನ್ನೆರಡು, ಎರಡು, ನಾಲ್ಕು. ಮೋಸ ಮಾಡಬೇಕೆಂದು ಯಾರೂ ಮಾಡಿದ್ದಲ್ಲ. ಹೇಗೂ ಆಮೇಲೆ ತಿರುಗಿಸುತ್ತೇವಲ್ಲ ಎಂಬ ಧೈರ್ಯ. ಹೆಚ್ಚಿನ ದಿನ ತಿರುಗಿಸುತ್ತಲೂ ಇದ್ದರು. ಹೊಸದಾಗಿ ಸೇರಿದ ಹುಡುಗಿಯರಿಗೆ ಈ ಉಪಾಯ ಹೇಳಿಕೊಟ್ಟವಳು ಬೆಣ್ಣೆಗೈ ಸಿಸ್ಟರೇ.

ಆ ದಿನ ಮಾತ್ರ ಬೆಳಗಿನಿಂದಲೂ ಎಲ್ಲವೂ ಎತ್ತು ಏರಿಗೆ, ಕೋಣ ನೀರಿಗೆ. ಒಂಬತ್ತಕ್ಕೆ ಏಣಿಯಿಂದ ಬಿದ್ದ ಇಬ್ಬರು ಒಟ್ಟಿಗೆ ಬಂದರು. ಹತ್ತೂವರೆಗೆ ಕಿರಿಯ ಸಿಸ್ಟರ್ ಒಬ್ಬ ರೋಗಿಯನ್ನು ಸ್ಕ್ಯಾನಿಗೆ ಕರೆದುಕೊಂಡು ಹೋದವಳು ಒಂದೂವರೆಯಾದರೂ ಪತ್ತೆಯಿಲ್ಲ. ಲಿಫ್ಟ್ ಕೆಟ್ಟಿತ್ತಂತೆ. ನಡುವೆ ಒಬ್ಬರ ಉಸಿರು ಏರಿತು, ಇನ್ನೊಬ್ಬರ ಡ್ರಿಪ್ ನಿಂತಿತು. ಬೆಣ್ಣೆಗೈ ಸಿಸ್ಟರ್ ಕಾಲಿಗೆ ಚಕ್ರ ಕಟ್ಟಿಕೊಂಡವಳಂತೆ ಓಡಿದಳು. ಹೊಟ್ಟೆ ತಾಳ ಹಾಕುತ್ತಿತ್ತು. ಅದಕ್ಕೂ "ಆಮೇಲೆ" ಎಂದಳು.

ಎರಡು ಗಂಟೆಗೆ ಆಯಾಳನ್ನು ಕರೆದುಕೊಂಡು ಹದಿನೇಳನೇ ಮಂಚಕ್ಕೆ ಬಂದಾಗ ದರ್ಜಿ ತಾತ ಛಾವಣಿಯನ್ನೇ ನೋಡುತ್ತಾ ಮಲಗಿದ್ದ. ಎಪ್ಪತ್ತಾರು ವರ್ಷ, ತೊಡೆಯ ಮೇಲ್ಭಾಗದ ಮೂಳೆ ಮುರಿದು ನಾಲ್ಕು ದಿನ. ನಾಳೆ ಬೆಳಗ್ಗೆ ಆಪರೇಷನ್.

"ಬಂದ್ರಾ ಸಿಸ್ಟರ್? ನನ್ನನ್ನ ಮಂಚಕ್ಕೇ ಸೇರಿಸಿ ಹೊಲಿದುಬಿಟ್ಟಿದ್ದೀರೇನೋ ಅನ್ಕೊಂಡೆ."

"ಹತ್ತಕ್ಕೆ ಬಂದಿದ್ನಲ್ಲ ತಾತ?"

"ಬಂದ್ರಿ. ಮಾತ್ರೆ ಬಾಯಿಗೆ ಹಾಕಿದ್ರಿ, ನೀರು ಹಾಕೋಕೆ ಮುಂಚೆ ಮಾಯ ಆದ್ರಿ. ಮಾತ್ರೆ ಈಗಷ್ಟೇ ಇಳೀತು."

ಅವಳು ನಗಲಿಲ್ಲ, ಮನಸ್ಸಿನಲ್ಲೇ ಲೆಕ್ಕ ಹಾಕುತ್ತಿದ್ದಳು. ರಾತ್ರಿಯವರು ಕೊನೆಯ ಸಲ ತಿರುಗಿಸಿದ್ದು ಬೆಳಗ್ಗೆ ಆರಕ್ಕೆ. ಅಂದರೆ ಎಂಟು ಗಂಟೆಗಳಿಂದ ಅಂಗಾತ.

ಕಾಲುಗಳ ನಡುವೆ ದಿಂಬಿಟ್ಟು, ಆಯಾ ಆ ಕಡೆ, ತಾನು ಈ ಕಡೆ ನಿಂತು ಮೆಲ್ಲಗೆ ಓರೆ ಮಾಡಿದರು. ಸೊಂಟದ ಕೆಳಗೆ, ಎಲುಬು ಉಬ್ಬಿದ ಜಾಗದಲ್ಲಿ ಅಂಗೈಯಗಲದ ಕೆಂಪು. ಅವಳು ಬೆರಳಿಟ್ಟು ಒತ್ತಿದಳು. ಚರ್ಮ ಚೆನ್ನಾಗಿದ್ದರೆ ಒತ್ತಿದಾಗ ಬೆಳ್ಳಗಾಗಬೇಕು. ಇದು ಆಗಲಿಲ್ಲ. ನಡುವೆ ಕಡಲೆಬೇಳೆಯಷ್ಟು ಸಿಪ್ಪೆ ಎದ್ದಿತ್ತು.

ಅವಳು ಇನ್ನೊಮ್ಮೆ ಒತ್ತಿ ನೋಡಿದಳು.

"ಏನ್ ಸಿಸ್ಟರ್, ಬಟ್ಟೆ ಸವೆದಿದೆಯಾ?" ತಾತ ಮುಖ ಆ ಕಡೆಗಿಟ್ಟೇ ಕೇಳಿದ.

"ಸ್ವಲ್ಪ ಕೆಂಪಾಗಿದೆ ತಾತ. ಡಾಕ್ಟ್ರಿಗೆ ತೋರಿಸ್ತೀನಿ."

ಕೆಂಪಾದದ್ದನ್ನು ಅವಳು ಮುಚ್ಚಿಡಲಿಲ್ಲ. ಎಲ್ಲಿ, ಎಷ್ಟು ಅಗಲ, ಸಿಪ್ಪೆ ಎದ್ದದ್ದು, ಎಲ್ಲ ಬರೆದಳು. ಬರೆದು ತಲೆಯೆತ್ತಿದರೆ ಪಕ್ಕದಲ್ಲೇ ಚಾರ್ಟು. ಎಂಟು, ಹತ್ತು, ಹನ್ನೆರಡು: ಮೂರು ಟಿಕ್ಕು, ಮೂರು ಸಹಿ, ಮುತ್ತು ಪೋಣಿಸಿದಂಥ ಅವಳದೇ ಅಕ್ಷರ. ಎರಡರದು ಈಗ ನಿಜವಾಯಿತು. ನಾಲ್ಕರದೂ ಆಗಲೇ ಕೂತಿತ್ತು, ಇನ್ನೂ ಹುಟ್ಟದ ಮಗುವಿಗೆ ಶಾಲೆಯ ಹಾಜರಿ ಹಾಕಿದ ಹಾಗೆ.

ಮೂರು ಗಂಟೆಗೆ ತಾತನ ಮಗಳು ಬಂದಳು. ಶಾಲೆಯ ವ್ಯಾನು ಓಡಿಸುವವಳು, ಮಧ್ಯಾಹ್ನದ ಟ್ರಿಪ್ಪನ್ನು ಇನ್ನೊಬ್ಬರಿಗೆ ಒಪ್ಪಿಸಿ ಬಂದಿದ್ದಳು. ಅವಳ ಹಿಂದೆಯೇ ಮೂಳೆ ಡಾಕ್ಟರು. ನಿಂತಲ್ಲೇ ನಿದ್ದೆ ಮಾಡುವಷ್ಟು ದಣಿದ ಮನುಷ್ಯ. ಬೆನ್ನು ನೋಡಿದರು, ಚಾರ್ಟು ತಿರುವಿದರು, ಮತ್ತೆ ಬೆನ್ನು ನೋಡಿದರು.

"ಎರಡು ಗಂಟೆಗೊಂದ್ಸಲ ತಿರುಗಿಸಿದ್ರೂ ಹೀಗಾಗಿದೆಯಲ್ಲ!"

ಮಗಳು ಗಾಬರಿಯಾದಳು. "ಅಪ್ಪಾ, ತಿರುಗಿಸ್ತಿದ್ರು ತಾನೆ?"

ದರ್ಜಿ ತಾತ ಬೆಣ್ಣೆಗೈ ಸಿಸ್ಟರ್ ಕಡೆ ಒಮ್ಮೆ ನೋಡಿದ. ಅವಳ ಒಣಗಿದ ತುಟಿ, ತಲೆಯಿಂದ ಜಾರಿದ ಪಿನ್ನು, ಕಿಸೆಯಲ್ಲಿ ಅರ್ಧ ತಿಂದಿಟ್ಟ ಬಿಸ್ಕತ್ತಿನ ಪೊಟ್ಟಣ. "ಹೂಂ ಕಣವ್ವ. ದೋಸೆ ಮಗುಚಿದ ಹಾಗೆ ಮಗುಚ್ತಾನೇ ಇದ್ರು ಪಾಪ," ಎಂದುಬಿಟ್ಟ.

ಆ "ಪಾಪ" ಕೇಳಿ ಅವಳು ಬಿಸ್ಕತ್ತಿನ ಪೊಟ್ಟಣವನ್ನು ಕಿಸೆಯೊಳಕ್ಕೆ ಒತ್ತಿಕೊಂಡಳು.

ಡಾಕ್ಟರು ಮಗಳನ್ನು ಒಂದು ಹೆಜ್ಜೆ ಈಚೆಗೆ ಕರೆದರು. "ನೋಡಮ್ಮ, ಇಷ್ಟು ನೋಡ್ಕೊಂಡೂ ನಾಲ್ಕೇ ದಿನಕ್ಕೆ ಚರ್ಮ ಬಿಡ್ತಿದೆ ಅಂದ್ರೆ ಒಳಗೆ ರಕ್ತ ಸರಿಯಾಗಿ ಓಡ್ತಿಲ್ಲ ಅಂತ. ನಾನು ಕೊಯ್ದ್ರೆ ಗಾಯ ಕೂಡಲ್ಲ. ನಾಳೆ ಆಪರೇಷನ್ ಬೇಡ. ಕಾಲಿಗೆ ಭಾರ ಕಟ್ಟಿ ಆರು ವಾರ ಮಲಗಿಸೋಣ."

"ಆರು ವಾರ ಆದ್ಮೇಲೆ ನಡೀತಾರಾ?"

ಡಾಕ್ಟರು ಪೆನ್ನಿನ ಮುಚ್ಚಳ ತೆಗೆದು ಮತ್ತೆ ಹಾಕಿದರು. "ಈ ವಯಸ್ಸಲ್ಲಿ... ಹೇಳೋಕಾಗಲ್ಲ."

ಹೇಳೋಕಾಗಲ್ಲ ಎಂದರೆ ಏನೆಂದು ಬೆಣ್ಣೆಗೈ ಸಿಸ್ಟರ್‌ಗೆ ಗೊತ್ತಿತ್ತು. ಈ ವಯಸ್ಸಿನಲ್ಲಿ ಆರು ವಾರ ಮಂಚ ಹಿಡಿದವರಲ್ಲಿ ಎದ್ದು ಹೋದವರನ್ನು ಅವಳು ಒಂದು ಕೈಯ ಬೆರಳಲ್ಲಿ ಎಣಿಸಬಲ್ಲಳು. ತಾತನ ರಕ್ತಕ್ಕೆ ಏನೂ ಆಗಿರಲಿಲ್ಲ. ಅವನ ಆಪರೇಷನ್ ನಿಲ್ಲಿಸಿದ್ದು ಅವಳ ಮೂರು ಟಿಕ್ಕು.

ಡಾಕ್ಟರು ಪಕ್ಕದ ಮಂಚಕ್ಕೆ ಸರಿದರು. ಅವಳು ಸೀದಾ ದೊಡ್ಡ ಸಿಸ್ಟರ್ ಕೋಣೆಗೆ ಹೋದಳು. ದೊಡ್ಡ ಸಿಸ್ಟರ್ ಎಂದರೆ ಐದು ವಾರ್ಡುಗಳ ಯಜಮಾನಿ. ಕಾಲು ಊದಿಕೊಂಡದ್ದಕ್ಕೆ ಚಪ್ಪಲಿ ಬಿಟ್ಟು, ಪಾದಗಳನ್ನು ತಣ್ಣನೆಯ ನೆಲಕ್ಕೆ ಒತ್ತಿಟ್ಟುಕೊಂಡು ಕೂತಿದ್ದಳು.

"ಅಕ್ಕ, ಹದಿನೇಳನೇ ಮಂಚದ ಚಾರ್ಟು ಸುಳ್ಳು. ಬೆಳಗ್ಗೆಯಿಂದ ಎರಡರವರೆಗೆ ಒಂದ್ಸಲಾನೂ ತಿರುಗಿಸಿಲ್ಲ. ತಾತಾನೂ ತಿರುಗಿಸಿದ್ರು ಅಂದುಬಿಟ್ಟ. ಡಾಕ್ಟ್ರು ಅದನ್ನ ನಂಬಿ ಆಪರೇಷನ್ ನಿಲ್ಲಿಸ್ತಿದಾರೆ."

ದೊಡ್ಡ ಸಿಸ್ಟರ್ ಬಾಗಿಲ ಕಡೆ ನೋಡಿದಳು. "ಮೆಲ್ಲಗೆ ಮಾತಾಡು ಮಾರಾಯ್ತಿ. ಯಾರಿಗ್ಹೇಳ್ದೆ?"

"ನಿಮಗೇ ಮೊದ್ಲು."

"ನನಗೇ ಕೊನೆ ಆಗ್ಲಿ. ಆ ತಾತಾನೇ ತಿರುಗಿಸಿದ್ರು ಅಂತ ಹೇಳಿದಾನಲ್ಲ. ನಿಂಗ್ಯಾಕೆ ಇಲ್ಲದ ಉಸಾಬರಿ? ಡಾಕ್ಟ್ರಿಗೆ ಸುಮ್ನೆ ಹೇಳು, ಕಾಲಿನ ರಕ್ತ ಓಡಾಟ ಇನ್ನೊಂದ್ಸಲ ಪರೀಕ್ಷೆ ಮಾಡಿಸಿ ಅಂತ. ಚೆನ್ನಾಗಿ ಬಂದ್ರೆ ಅವ್ರೇ ಮನಸ್ಸು ಬದಲಾಯಿಸ್ತಾರೆ."

"ರಿಪೋರ್ಟ್ ಬರೋದ್ರೊಳಗೆ ನಾಳೆ ತಪ್ಪುತ್ತೆ. ತಪ್ಪಿದ್ರೆ ಮತ್ತೆ ಆಪರೇಷನ್ ಥಿಯೇಟರ್ ಸಿಗೋದು ಹತ್ತು ದಿನಕ್ಕೆ ಅಕ್ಕ. ಅಷ್ಟರಲ್ಲಿ ಬೆನ್ನು ಪೂರ್ತಿ ಹೋಗಿರುತ್ತೆ."

"ಅದೂ ಸರಿನೇ." ದೊಡ್ಡ ಸಿಸ್ಟರ್ ಕಣ್ಣು ಮುಚ್ಚಿ ಹಣೆ ತಿಕ್ಕಿಕೊಂಡಳು. ಅವಳು ಕೆಟ್ಟವಳಲ್ಲ. ಮೂವತ್ತು ವರ್ಷದ ಹಿಂದೆ ಅವಳಿಗೂ ಯಾರೋ ಇದೇ ಉಪಾಯ ಹೇಳಿಕೊಟ್ಟಿದ್ದರು, ಅಷ್ಟೇ. "ನೀನು ಹೇಳಿದ್ರೆ ನಿಂಗೆ ಮೆಮೊ ಬರುತ್ತೆ. ಮೆಮೊ ಬಂದ್ರೆ ಶಾಲೆ ಕೆಲ್ಸ ಮರೆತುಬಿಡು. ಜೊತೆಗೆ ನನ್ನೂ ಎಳೀತಾರೆ. ದಿನಾ ಆ ಚಾರ್ಟುಗಳನ್ನ ಸರಿ ಅಂತ ಸಹಿ ಹಾಕೋಳು ನಾನಲ್ವಾ?"

"ಗೊತ್ತು ಅಕ್ಕ."

"ಗೊತ್ತಿದ್ದೂ ಹೇಳ್ತೀಯಾ?"

ಬೆಣ್ಣೆಗೈ ಸಿಸ್ಟರ್ ನರ್ಸಿಂಗ್ ಓದುವಾಗ ಇದಕ್ಕೆ ಒಂದು ಇಡೀ ಅಧ್ಯಾಯವೇ ಇತ್ತು. ಹದಿನೈದು ಅಂಕದ ಪ್ರಶ್ನೆ, ಎಲ್ಲರೂ ಬಾಯಿಪಾಠ ಮಾಡಿ ಪಾಸಾಗಿದ್ದರು. ಈಗ ಅದರ ಒಂದು ಸಾಲೂ ನೆನಪಿಗೆ ಬರಲಿಲ್ಲ. ನೆನಪಿಗೆ ಬಂದದ್ದು ಬೆರಳಿನಡಿ ಬೆಳ್ಳಗಾಗದ ಆ ಚರ್ಮ.

"ಕಾಲಿಗೆ ಉಪ್ಪು ನೀರು ಹಾಕ್ಕೊಳಿ ಅಕ್ಕ, ತುಂಬಾ ಊದಿದೆ," ಎಂದಷ್ಟೇ ಹೇಳಿ ಹೊರಟಳು.

ಡಾಕ್ಟರು ವಾರ್ಡಿನ ಬಾಗಿಲು ದಾಟುತ್ತಿದ್ದರು. "ಸಾರ್, ಹದಿನೇಳಕ್ಕೆ ಒಂದ್ನಿಮಿಷ ವಾಪಸ್ ಬನ್ನಿ. ಅವರ ಎದುರಿಗೇ ಹೇಳ್ಬೇಕು."

ಮಂಚದ ಬಳಿ ನಿಂತು ಹೇಳಿದಳು. ಕಥೆ ಕಟ್ಟಲಿಲ್ಲ. ಮೂವತ್ತಾರು ಮಂಚದ ಮಾತು ನಾಲಿಗೆಯ ತುದಿಯವರೆಗೂ ಬಂತು. ಅದನ್ನು ನುಂಗಿಕೊಂಡಳು. ಅದು ನಿಜವೇ, ಆದರೆ ಈ ಬೆನ್ನಿಗೆ ಉತ್ತರವಲ್ಲ.

"ಎಂಟು, ಹತ್ತು, ಹನ್ನೆರಡು, ಮೂರು ಸಲಾನೂ ನಾನು ತಿರುಗಿಸಿಲ್ಲ. ಟಿಕ್ಕು ಬೆಳಗ್ಗೆನೇ ಹಾಕಿಟ್ಟಿದ್ದೆ. ಆರರಿಂದ ಎರಡರವರೆಗೆ ಒಂದೇ ಕಡೆ ಮಲಗಿದ್ರು. ಅದಕ್ಕೇ ಆಗಿರೋದು ಸಾರ್, ರಕ್ತದಿಂದ ಅಲ್ಲ."

ಕಿಸೆಯಿಂದ ಪೆನ್ನು ತೆಗೆದು, ಆ ಮೂರೂ ಟಿಕ್ಕುಗಳ ಮೇಲೆ ಒಂದೊಂದೇ ಗೆರೆ ಎಳೆದಳು. ಕೆಳಗಿನದು ಓದಲು ಬರುವ ಹಾಗೆ, ಪಕ್ಕದಲ್ಲಿ ತನ್ನ ಸಹಿ, ಈಗಿನ ಸಮಯ. ನಾಲ್ಕರದನ್ನೂ ಬಿಡಲಿಲ್ಲ.

ಡಾಕ್ಟರು ಅವಳನ್ನೇ ನೋಡಿದರು. "ನೀವಾ?" ಎಂದರು. ಬೈಯುವುದಕ್ಕೂ ಅವರಲ್ಲಿ ಕಸುವಿರಲಿಲ್ಲ. ತಾತನ ಪಾದ ಮುಟ್ಟಿ ನಾಡಿ ನೋಡಿದರು, ಹೆಬ್ಬೆರಳು ಒತ್ತಿ ಬಿಟ್ಟರು. "ಕಾಲು ಬೆಚ್ಚಗಿದೆ... ಸರಿ. ನಾಳೆ ಆಪರೇಷನ್ ಪಟ್ಟಿಯಿಂದ ಹೆಸರು ತೆಗೀಬೇಡಿ. ನಾಳೆ ಆರೂವರೆಗೆ ಬೆನ್ನು ನೋಡ್ತೀನಿ. ಇದಕ್ಕಿಂತ ಹೆಚ್ಚಾಗಿರದಿದ್ರೆ ಮಾಡ್ತೀನಿ. ಹೆಚ್ಚಾಗಿದ್ರೆ ಇಲ್ಲ. ಮತ್ತೆ ಸಿಸ್ಟರ್, ಇದನ್ನ ನಾನು ಬರೆಯಲೇಬೇಕಾಗುತ್ತೆ."

"ಬರೀರಿ ಸಾರ್."

ಅವರು ಹೋದರು. ಮಗಳು ಮಾತ್ರ ನಿಂತೇ ಇದ್ದಳು.

"ಬೆಳಗ್ಗೆ ಹೋಗುವಾಗ ನಿಮಗೆ ಕೈ ಮುಗಿದಿದ್ದೆ," ಎಂದಳು. ಕೂಗಲಿಲ್ಲ. ಕೂಗಿದ್ದರೆ ಹಗುರವಾಗುತ್ತಿತ್ತು. "ಈ ಸಿಸ್ಟರ್ ಇದಾರೆ, ಯೋಚನೆ ಇಲ್ಲ ಅಂತ ದಾರಿಯಲ್ಲೆಲ್ಲ ಹೇಳ್ಕೊಂಡು ಹೋದೆ."

"ಹೌದು."

"ಹೌದು ಅಂದ್ರೆ? ಅಷ್ಟೇನಾ?" ಈಗ ಅಪ್ಪನ ಕಡೆ ತಿರುಗಿದಳು. "ನೀನಾದ್ರೂ ಯಾಕಪ್ಪ ಸುಳ್ಳು ಹೇಳಿದ್ದು?"

"ನನ್ನ ಬೆನ್ನು, ನನ್ನ ಸುಳ್ಳು. ನಿಂಗೇನೇ?" ತಾತ ಗೊಣಗಿದ. "ಅವ್ಳು ಊಟ ಮಾಡಿರ್ಲಿಲ್ಲ. ನೋಡಿದ್ನಲ್ಲ."

"ಅವ್ರ ಊಟಕ್ಕೆ ನಿನ್ನ ಕಾಲು ಕೊಡ್ತೀಯಾ?"

ತಾತ ಮುಖ ಆ ಕಡೆ ತಿರುಗಿಸಿಕೊಂಡ.

ನಾಲ್ಕಾಯಿತು. ಆಯಾಳ ಶಿಫ್ಟು ಮುಗಿದಿತ್ತು, ಕೊನೆಗೂ ವಾಪಸ್ ಬಂದ ಕಿರಿಯ ಸಿಸ್ಟರ್ ಏಣಿಯಿಂದ ಬಿದ್ದವರ ಪ್ಲಾಸ್ಟರಿನಲ್ಲಿ ಮುಳುಗಿದ್ದಳು. ಬೆಣ್ಣೆಗೈ ಸಿಸ್ಟರ್ ದಿಂಬು ಹಿಡಿದು ಮಂಚದ ಹತ್ತಿರ ಬಂದಾಗ ಮಗಳು ಅಡ್ಡ ನಿಂತಳು.

"ನೀವು ಮುಟ್ಬೇಡಿ."

"ಒಬ್ರೇ ತಿರುಗಿಸೋಕಾಗಲ್ಲಮ್ಮ. ಮುರಿದ ಕಾಲು ತಿರುಚಿಕೊಳ್ಳುತ್ತೆ. ಇಬ್ರು ಬೇಕು. ಬೇರೆ ಯಾರೂ ಇಲ್ಲ."

"ಯಾಕಿಲ್ಲ?"

"ಅದನ್ನೇ ನಾವೂ ಕೇಳ್ತಾ ಇದೀವಿ, ವರ್ಷಗಳಿಂದ."

"ಲೇ, ನಿಮ್ಮ ಜಗಳ ಆಮೇಲೆ ಆಡ್ಕೊಳ್ರೇ," ತಾತ ಹಲ್ಲು ಕಚ್ಚಿದ. "ಇಲ್ಲಿ ನನಗೆ ಉರೀತಿದೆ."

ಮಗಳು ಪಕ್ಕಕ್ಕೆ ಸರಿದಳು. ಬೆಣ್ಣೆಗೈ ಸಿಸ್ಟರ್ ಒಂದೊಂದಾಗಿ ಹೇಳಿದಳು: ಒಂದು ಕೈ ಹೆಗಲ ಹಿಂದೆ, ಒಂದು ಸೊಂಟಕ್ಕೆ, ಎಳೀಬೇಡಿ, ಉರುಳಿಸಿ, ಎಣಿಸ್ತೀನಿ. ಮೂರಕ್ಕೆ ತಾತ ಒಂದು ತುಂಡು ಮರದಂತೆ ಒಟ್ಟಿಗೆ ಉರುಳಿ, ಬೆನ್ನಿಗೆ ಗಾಳಿ ಸೋಕಿ ನಿಟ್ಟುಸಿರು ಬಿಟ್ಟ. ಮಗಳು ಮೊದಲ ಸಲ ಆ ಕೆಂಪನ್ನು ಹತ್ತಿರದಿಂದ ನೋಡಿದಳು. ದಿಂಬನ್ನು ತಾನೇ ಒತ್ತಿ ಇಟ್ಟಳು.

ಸಿಸ್ಟರ್ ಗೋಡೆಯ ಗಡಿಯಾರ ನೋಡಿದಳು. ಹೊಡೆದುಹಾಕಿದ ಟಿಕ್ಕಿನ ಪಕ್ಕದಲ್ಲಿ ಬರೆದಳು: ನಾಲ್ಕು ಗಂಟೆ ಹನ್ನೆರಡು ನಿಮಿಷ, ಎಡಮಗ್ಗುಲು. ಮಗಳು ಅವಳ ಹೆಗಲ ಮೇಲಿಂದ ಬಗ್ಗಿ ಓದಿದಳು, ಅಂಕಿ ಅಂಕಿಯಾಗಿ.

"ಆರಕ್ಕೆ ಬರ್ತೀರಾ?"

ಬರ್ತೀನಿ ಎನ್ನುವುದು ಸುಲಭವಿತ್ತು. ಬೆಳಗ್ಗೆ ಐದು ಟಿಕ್ಕು ಹಾಕಿದಷ್ಟೇ ಸುಲಭ.

"ನನ್ನ ಡ್ಯೂಟಿ ಐದಕ್ಕೆ ಮುಗಿಯುತ್ತೆ. ಮುಂದಿನವರಿಗೆ ಹೇಳಿ ಹೋಗ್ತೀನಿ. ಅವ್ರೂ ಇಬ್ರೇ. ಆರೂ ಹತ್ತಾದ್ರೂ ಬರದಿದ್ರೆ ಸಿಸ್ಟರ್‌ಗಳ ಮೇಜಿನ ಹತ್ರ ಹೋಗಿ ಕರೀರಿ. ಸಂಕೋಚ ಪಡಬೇಡಿ, ಬೈದಾದ್ರೂ ಕರೀರಿ."

ಮಗಳು ಸ್ಟೂಲನ್ನು ಗಡಿಯಾರ ಕಾಣುವ ಹಾಗೆ ಎಳೆದುಕೊಂಡು ಕೂತಳು.

ಡ್ಯೂಟಿ ಮುಗಿಯಲು ಇನ್ನೂ ಮುಕ್ಕಾಲು ಗಂಟೆಯಿತ್ತು. ಸೊಂಟ ಒಂದು ಸದ್ದು ಮಾಡಿತು. ಬೆಣ್ಣೆಗೈ ಸಿಸ್ಟರ್ ಹತ್ತೊಂಬತ್ತನೇ ಮಂಚದ ಕಾಲಬದಿಗೆ ಹೋಗಿ, ಅಲ್ಲಿನ ಚಾರ್ಟನ್ನು ಕೈಗೆತ್ತಿಕೊಂಡಳು. ಐದು ಟಿಕ್ಕು, ಐದು ಸಹಿ. ಇದೂ ಸೇರಿ ಇನ್ನೂ ಎಂಟು ಚಾರ್ಟುಗಳಿದ್ದವು. ಪೆನ್ನಿನ ಮುಚ್ಚಳ ತೆಗೆದು, ಮಂಚದಲ್ಲಿದ್ದವನನ್ನು ಕೇಳಿದಳು:

"ಅಣ್ಣ, ನಿಜ ಹೇಳಿ. ಬೆಳಗ್ಗೆಯಿಂದ ನಿಮ್ಮನ್ನ ಯಾರಾದ್ರೂ ಮುಟ್ಟಿದ್ರಾ?"